ನೋವಿನ ಬೆಂಚು

ನಮ್ಮೂರಲ್ಲಿ ಕಣಕ್ಕಿಳಿದು ಏಟು ತಿಂದವರಿಗೆ ನೋವಾಗುವುದಿಲ್ಲ. ಅವರನ್ನು ಎಲ್ಲರಿಗಿಂತ ಹೆಚ್ಚು ಪ್ರೀತಿಸುವವರು ಯಾರೋ ಅವರಿಗೆ ಆಗುತ್ತದೆ. ಆಡುವವರ ಪಕ್ಕೆಗೆ ಗುದ್ದು ಬಿದ್ದರೆ ಅವರಿಗೆ ಯಾರೋ ಕೈಯಿಟ್ಟಷ್ಟೇ ಅನ್ನಿಸುತ್ತದೆ; ಅತ್ತ ತಾಯಿಯೋ ಗಂಡನೋ ಅಜ್ಜಿಯೋ ಅದೇ ಪಕ್ಕೆ ಹಿಡಿದುಕೊಂಡು ಬಗ್ಗುತ್ತಾರೆ, ಚರ್ಮದ ಮೇಲೆ ಗುರುತು ಮೂಡುತ್ತದೆ. ಅದಕ್ಕೇ ಪಂದ್ಯದ ದಿನ ಕಣದ ಪಕ್ಕದಲ್ಲಿ ಒಂದು ಉದ್ದನೆಯ ಬೆಂಚು ಹಾಕಿ ಅಂಥವರನ್ನು ಕೂರಿಸುತ್ತಾರೆ. ಅದು ನೋವಿನ ಬೆಂಚು. ಪಂದ್ಯ ನೋಡಲು ಬರುವ ಜನ ಕಣದ ಕಡೆ ಅರೆಗಣ್ಣು, ಬೆಂಚಿನ ಕಡೆ ಪೂರ್ತಿ ಕಣ್ಣು ಇಟ್ಟು ಕೂರುತ್ತಾರೆ. ಬೆಂಚಿಗೆ ಯಾರೂ ಇಲ್ಲದವರಿಗೆ ಕಣದೊಳಗೆ ಕಾಲಿಡಲು ಬಿಡುವುದಿಲ್ಲ.

ಏಟು ಎಷ್ಟು ಜೋರಾಗಿರಬಹುದು ಅನ್ನುವುದಕ್ಕೆ ನಿಯಮವಿದೆ. ಗುರುತು ಮೂಡದಿದ್ದರೆ ಅದು ಏಟೇ ಅಲ್ಲ. ಕೆಂಪಾದರೆ ಹಗುರದ ಏಟು, ಹೊಡೆದವರಿಗೆ ಒಂದು ಅಂಕ. ನೀಲಿಗಟ್ಟಿದರೆ ತಪ್ಪು, ಎಚ್ಚರಿಕೆ. ತಲೆಯ ಮೇಲೆ ನೀಲಿಗಟ್ಟಿದರೆ, ಅಥವಾ ಎಲ್ಲೇ ಆಗಲಿ ರಕ್ತ ಒಸರಿದರೆ, ಪಂದ್ಯ ಅಲ್ಲಿಗೇ ನಿಂತಿತು. ಹೊಡೆದವರು ಒಂದು ವರ್ಷ ಹೊರಗೆ. ಗುರುತು ನೋಡುವ ಕೆಲಸ ಜಯಶೀಲಮ್ಮನದು. ಮೂವತ್ತು ವರ್ಷ ಶಾಲೆಯಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತಿಯಾದವರು. ಏಟು ಬಿದ್ದ ಕೂಡಲೇ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಬೆಂಚಿನ ಹತ್ತಿರ ಬಂದು ಬಗ್ಗಿ ನೋಡಿ, "ಕೆಂಪು," "ನೀಲಿ" ಎಂದು ಕೂಗುತ್ತಾರೆ. ಕಣದೊಳಗೆ ನಿಂತವರನ್ನು ಮಾತ್ರ ಯಾರೂ ಮುಟ್ಟಿ ನೋಡುವುದಿಲ್ಲ. ಅವರಿಗೇನಾಗಿರುತ್ತದೆ, ನೋಡುವುದಕ್ಕೆ?

ನನ್ನ ಮಗಳು ಹೊನ್ನಲಕ್ಷ್ಮಿ ಹನ್ನೊಂದು ವರ್ಷಕ್ಕೇ ಕಣಕ್ಕಿಳಿದಳು. ಬೆಂಚಿನ ಮೇಲೆ ಕೂರುತ್ತಿದ್ದವರು ಅವಳಪ್ಪ ಚೆಲುವಯ್ಯ. ಮೊದಲ ಪಂದ್ಯಕ್ಕೆ ನಾವಿಬ್ಬರೂ ಹೋಗಿ ಕೂತಿದ್ದೆವು, ಯಾರಿಗೆ ಬರುತ್ತದೋ ನೋಡೋಣ ಎಂದು. ಹೆತ್ತವಳು ನಾನು, ಎಣ್ಣೆ ಹಚ್ಚಿ ನೀರೆರೆದವಳು ನಾನು, ಟೈಫಾಯ್ಡ್ ಬಂದಾಗ ಇಪ್ಪತ್ತೊಂದು ದಿನ ಪಕ್ಕದಲ್ಲಿ ಕೂತವಳು ನಾನು. ಇನ್ಯಾರಿಗೆ ಬರಬೇಕು? ಹೊನ್ನಿಯ ಭುಜಕ್ಕೆ ಏಟು ಬಿತ್ತು. ನನ್ನ ಪಕ್ಕದಲ್ಲಿ ಈ ಮನುಷ್ಯ "ಅಯ್ಯಪ್ಪಾ" ಎಂದು ಭುಜ ಹಿಡಿದುಕೊಂಡರು. ಹಿಡಿದುಕೊಂಡು ನಗುತ್ತಿದ್ದರು. ಆ ದಿನ ನನಗಾದ ಹೊಟ್ಟೆಕಿಚ್ಚನ್ನು ನಾನು ಯಾರಿಗೂ ಹೇಳಿಲ್ಲ. ಅವರು ಸಂಜೆ ಹೋಟೆಲಿನಲ್ಲಿ ಅಂಗಿ ಜಾರಿಸಿ ಗುರುತು ತೋರಿಸಿಕೊಂಡು ಟೀ ಕುಡಿದು ಬಂದರು. ನಾನು ಅವತ್ತು ಸಾರಿಗೆ ಉಪ್ಪು ಹಾಕಲಿಲ್ಲ; ಮರೆತು ಅಲ್ಲ, ಬೇಕೆಂದೇ.

ಅವರು ಹೋದ ವರ್ಷ ಜ್ವರ ಬಂದು ನಾಲ್ಕೇ ದಿನಕ್ಕೆ ತೀರಿಕೊಂಡರು. ಊರವರೆಲ್ಲ ನನ್ನ ಕೈ ಹಿಡಿದು, "ಇನ್ನು ಮೇಲೆ ನಿಂದೇ ಅಲ್ವಾ ತಾಯಮ್ಮ ಬೆಂಚು," ಎಂದರು. ಹೊನ್ನಿಯೂ ಹಾಗೇ ಅಂದಳು. "ನಿನಗೆ ತುಂಬಾ ನೋಯ್ದೇ ಇರೋ ಹಾಗೆ ತಪ್ಪಿಸ್ಕೊಂಡು ಆಡ್ತೀನಮ್ಮ," ಎಂದು ನನ್ನ ಮಡಿಲಲ್ಲಿ ತಲೆಯಿಟ್ಟಳು. ನನಗೆ ದುಃಖದ ನಡುವೆಯೂ ಒಳಗೊಳಗೇ ಒಂದು ಆಸೆ. ಈಗಲಾದರೂ ನನ್ನ ಸರದಿ ಬಂತಲ್ಲ ಎಂದು.

ಅವರಿಲ್ಲದ ಮೊದಲ ಪಂದ್ಯದಲ್ಲಿ ಹೊನ್ನಿಯ ಬಲತೋಳಿಗೆ ಒದೆ ಬಿತ್ತು. ನಾನು ಹಲ್ಲು ಕಚ್ಚಿ ಕಾದೆ. ಏನೂ ಆಗಲಿಲ್ಲ. ಒಂದು ಇರುವೆ ಕಚ್ಚಿದಷ್ಟೂ ಇಲ್ಲ. ಜಯಶೀಲಮ್ಮ ಕನ್ನಡಕ ಇಳಿಸಿಕೊಂಡು ಬರುತ್ತಿದ್ದರು. ಸೆರಗಿನೊಳಗೆ ಕೈ ಹಾಕಿ ನನ್ನ ತೋಳನ್ನು ನಾನೇ ಜೋರಾಗಿ ಚಿವುಟಿ ತಿರುವಿದೆ. ಅವರು ಬಗ್ಗಿ ನೋಡಿ, "ಕೆಂಪು," ಎಂದು ಕೂಗಿ ಹೋದರು. ಜನ ಚಪ್ಪಾಳೆ ತಟ್ಟಿದರು.

ಏಕೆ ಬರಲಿಲ್ಲ? ಇವತ್ತಿಗೂ ನನಗೆ ಗೊತ್ತಿಲ್ಲ. ಪ್ರೀತಿಯಿಲ್ಲದೆ ಬೆಳಗ್ಗೆ ಐದಕ್ಕೆ ಎದ್ದು ಅವಳಿಗೆ ಮೊಟ್ಟೆ ಬೇಯಿಸುತ್ತಿದ್ದೆನೆ? ಪ್ರೀತಿಯಿಲ್ಲದೆ ಹೊಲಿಗೆ ಮೆಷಿನ್ನಿನ ಮುಂದೆ ಸೊಂಟ ಬಿದ್ದುಹೋಗುವಷ್ಟು ಹೊತ್ತು ಕೂತು ಊರಿನ ಹೆಂಗಸರ ರವಿಕೆಗಳನ್ನೆಲ್ಲ ಹೊಲಿಯುತ್ತಿದ್ದೆನೆ? ಇದನ್ನೆಲ್ಲ ನನ್ನ ಮೈಗೆ ಯಾರು ಹೇಳಬೇಕು. ಒಂದು ಮಾತು ಮಾತ್ರ ನಿಜ. ಗುರುತು ಬಾರದ ತಾಯಿ ಅಂದರೆ ನಮ್ಮೂರಲ್ಲಿ ಕಳ್ಳಿಗಿಂತ ಕಡೆ. ಅದನ್ನಾದರೂ ನುಂಗಿಕೊಂಡೇನು, ಆದರೆ ನನ್ನ ಬೆಂಚು ಖಾಲಿ ಎಂದಾದರೆ ಹೊನ್ನಿ ಕಣದಿಂದ ಹೊರಗೆ. ಆ ವರ್ಷದ ಕೊನೆಯ ಪಂದ್ಯ ಗೆದ್ದವಳಿಗೆ ಹೆಣ್ಣುಮಕ್ಕಳ ಶಾಲೆಯಲ್ಲಿ ಈ ಆಟ ಕಲಿಸುವ ಕೆಲಸ ಕೊಡುತ್ತೇವೆಂದು ಸಮಿತಿಯವರು ಹೇಳಿದ್ದರು. ನನ್ನ ಮಗಳು ಅದನ್ನು ಬಿಟ್ಟು ಬೇರೇನನ್ನೂ ಎಂದೂ ಕೇಳಿದವಳಲ್ಲ.

ಚಿವುಟುವುದು ಪ್ರತಿ ಸಲ ನಡೆಯುವ ಮಾತಲ್ಲ. ದಾರಿ ಅಡಿಗೆಮನೆಯಲ್ಲೇ ಸಿಕ್ಕಿತು. ಅರಿಶಿನಕ್ಕೆ ಸುಣ್ಣ ಸೇರಿದರೆ ಕೆಂಪಾಗುತ್ತದೆ, ಆರತಿ ನೀರು ಕಲಸಿದ ಯಾವ ಹೆಂಗಸಿಗೆ ಗೊತ್ತಿಲ್ಲ? ನಾನು ಎಲೆಯಡಿಕೆ ಹಾಕುವವಳು, ಸೊಂಟದಲ್ಲಿ ಸುಣ್ಣದ ಡಬ್ಬಿ ಇದ್ದೇ ಇರುತ್ತದೆ. ಪಂದ್ಯಕ್ಕೆಂದೇ ಇನ್ನೊಂದು ಡಬ್ಬಿ ಮಾಡಿಕೊಂಡೆ. ಅದರಲ್ಲಿ ಎರಡನ್ನೂ ಕಲಸಿಟ್ಟೆ. ಬೆರಳ ತುದಿಗೆ ಸ್ವಲ್ಪ ತೆಗೆದುಕೊಂಡು ಉಜ್ಜಿದರೆ ಥೇಟ್ ಏಟು ಬಿದ್ದ ಕೆಂಪು. ಸುಣ್ಣ ಹಾಗೇ ಬಿಟ್ಟರೆ ಎರಡು ದಿನಕ್ಕೆ ಕಲ್ಲಾಗುತ್ತದೆ. ನಾನೋ ನೀರು ಹಾಕಲು ಮರೆಯುವವಳು. ಆದರೂ ಆ ಡಬ್ಬಿ ತೆರೆದಾಗಲೆಲ್ಲ ಹಸಿಯಾಗಿ, ಬೆಣ್ಣೆಯ ಹಾಗೆ ಇರುತ್ತಿತ್ತು. ನನ್ನ ಪುಣ್ಯ ಅಂದುಕೊಂಡೆ.

ಹೀಗೆ ಒಂದು ವರ್ಷ, ಹನ್ನೊಂದು ಪಂದ್ಯ. ನನ್ನಷ್ಟು ಕಣ್ಣಿಟ್ಟು ಮಗಳ ಆಟ ನೋಡಿದ ತಾಯಿ ಆ ಬೆಂಚಿನ ಮೇಲೆ ಇನ್ನೊಬ್ಬಳು ಕೂತಿರಲಾರಳು. ಉಳಿದವರಿಗೆ ನೋವು ತಾನಾಗಿ ಬಂದು ಜಾಗ ತೋರಿಸುತ್ತದೆ. ನಾನು ನೋಡಿಯೇ ತಿಳಿಯಬೇಕು. ಎಡಪಕ್ಕೆಯೋ, ಅದಕ್ಕಿಂತ ಎರಡು ಬೆರಳು ಕೆಳಗೋ, ಮೊಣಕಾಲಿನ ಒಳಗೋ ಹೊರಗೋ. ಏಟು ಬಿದ್ದ ಕ್ಷಣಕ್ಕೇ "ಅಮ್ಮಾ" ಎಂದು ಬಗ್ಗಬೇಕು, ಬಗ್ಗುವಾಗಲೇ ಸೆರಗಿನ ಮರೆಯಲ್ಲಿ ಬೆರಳು ಆಡಿಸಬೇಕು. ಒಂದು ಏಟನ್ನೂ ಬಿಡುತ್ತಿರಲಿಲ್ಲ. ಬಿಟ್ಟರೆ ಎದುರಾಳಿಗೆ ಅಂಕ ತಪ್ಪಿ ಮಗಳಿಗೆ ಅನುಕೂಲವಾಗುತ್ತಿತ್ತು, ಆದರೆ ಅಷ್ಟು ನೀಚಳಾಗಲು ಮನಸ್ಸು ಬರಲಿಲ್ಲ. ನೀಲಿಯನ್ನು ಮಾತ್ರ ಎಂದೂ ಹಚ್ಚಲಿಲ್ಲ. ಏಟು ಎಷ್ಟು ಜೋರಾಗಿತ್ತು ಎಂದು ನನಗೇನು ಗೊತ್ತು? ಸುಮ್ಮನೆ ನೀಲಿ ಮಾಡಿ ಯಾರದೋ ಮಗುವಿನ ಮೇಲೆ ತಪ್ಪು ಹೊರಿಸಲೇ?

ನನಗೆ ಬಾರದ ನೋವು ಹಾಗಾದರೆ ಎಲ್ಲಿಗೆ ಹೋಗುತ್ತಿತ್ತು ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡೆ. ಉತ್ತರ ಬಹಳ ಬೇಗ ಹೊಳೆಯಿತು, ಹೊಳೆದದ್ದೇ ಅನರ್ಥವಾಯಿತು. ನನಗಿಂತ ಹೆಚ್ಚಾಗಿ ಅವಳನ್ನು ಪ್ರೀತಿಸುವವನು ಎಲ್ಲೋ ಒಬ್ಬನಿದ್ದಾನೆ, ಗುರುತೆಲ್ಲ ಅವನ ಮೈಮೇಲೆ ಮೂಡುತ್ತಿದೆ. ಹತ್ತೊಂಬತ್ತು ವರ್ಷದ ಹುಡುಗಿ, ನೋಡಲು ಲಕ್ಷಣವಾಗಿದ್ದಾಳೆ, ಇನ್ನೇನಿರುತ್ತದೆ? ಪಂದ್ಯದ ಮಾರನೆಯ ದಿನ ಸಂತೆಗೆ ಹೋದರೆ ತರಕಾರಿ ನೋಡುತ್ತಿರಲಿಲ್ಲ, ಗಂಡುಹುಡುಗರ ತೋಳು, ಕತ್ತು, ಕೆನ್ನೆ ನೋಡುತ್ತಿದ್ದೆ. ಬೇಕರಿಯ ಗುಣಶೇಖರನ ಭುಜ ಬನಿಯನ್ನಿನ ಅಂಚಿನಲ್ಲಿ ಒಮ್ಮೆ ಕಪ್ಪಗಾಗಿತ್ತು. ಹಿಂದಿನ ದಿನ ಹೊನ್ನಿಗೂ ಅಲ್ಲೇ ಏಟು ಬಿದ್ದಿತ್ತು. ನನಗೆ ಅನುಮಾನವೇ ಉಳಿಯಲಿಲ್ಲ. "ಏನಪ್ಪ ಭುಜಕ್ಕೆ?" ಎಂದೆ. "ಅಟ್ಟದ ಮೇಲಿಂದ ಮೈದಾ ಮೂಟೆ ಜಾರ್ತು ತಾಯಮ್ಮ," ಎಂದ. ಹೇಳುವವನು ಬೇರೇನು ಹೇಳುತ್ತಾನೆ ಎಂದುಕೊಂಡು, ಬೇಡದಿದ್ದರೂ ಅರ್ಧ ಕೆಜಿ ರಸ್ಕ್ ಕೊಂಡೆ. ಅಳಿಯನಾಗುವವನ ಅಂಗಡಿ ಅಲ್ಲವೇ!

ಮನೆಗೆ ಬಂದು ಹೊನ್ನಿಯ ಮುಂದೆ ರಸ್ಕ್ ಇಟ್ಟು, "ಗುಣಶೇಖರ ಒಳ್ಳೆ ಹುಡುಗ," ಎಂದೆ.

"ಇರಬಹುದು," ಎಂದಳು.

"ನನ್ನ ಹತ್ರ ಯಾಕೆ ಮುಚ್ಚಿಡ್ತೀಯೇ? ನಾನೇನು ಬೇಡ ಅಂತೀನಾ?"

ಅವಳು ರಸ್ಕನ್ನು ಟೀಯಲ್ಲಿ ಅದ್ದಿ ಹಿಡಿದವಳು ನನ್ನ ಮುಖ ನೋಡಿದಳು. ರಸ್ಕ್ ಮುರಿದು ಲೋಟದೊಳಗೆ ಬಿತ್ತು. "ಅಮ್ಮ, ಯಾರೋ ಒಬ್ಬ ಇದ್ದಾನೆ ಅಂತ ಅಂದ್ಕೊಂಡಿದ್ದೀಯಾ?" ಎಂದಳು.

"ಇಲ್ವಾ ಮತ್ತೆ?"

"ಇದ್ದಾನೆ," ಎಂದಳು. "ಗುಣಶೇಖರ ಅಲ್ಲ. ಬೇರೆಯವನು. ಒಳ್ಳೆಯವನು, ನೀನು ಯೋಚನೆ ಮಾಡ್ಬೇಡ. ಕಾಲ ಬಂದಾಗ ಕರ್ಕೊಂಡು ಬರ್ತೀನಿ."

ನನಗೆ ಎದೆಯ ಮೇಲಿನ ಗುಂಡುಕಲ್ಲು ಇಳಿದಂತಾಯಿತು. ಸ್ವಲ್ಪ ಹೊಟ್ಟೆಯುರಿಯೂ ಆಯಿತು, ಸುಳ್ಳೇಕೆ; ಮೊದಲು ಗಂಡನೆದುರು ಸೋತೆ, ಈಗ ಮುಖ ಕಾಣದ ಯಾವನೆದುರೋ ಸೋತೆ. ಆದರೂ ನನ್ನ ಮಗಳ ನೋವು ಹೊರಲು ಒಬ್ಬ ಇದ್ದಾನಲ್ಲ. ಅದೇ ವಾರ ಅವಳು ಪಂದ್ಯದ ಬಟ್ಟೆ ತಂದು ಮೆಷಿನ್ನಿನ ಮೇಲಿಟ್ಟು, "ಇದಕ್ಕೆ ಮುಂಗೈ ತನಕ ತೋಳು ಹಚ್ಚಿಕೊಡಮ್ಮ. ಕತ್ತೂ ಸ್ವಲ್ಪ ಮೇಲಕ್ಕೆ ಏರಿಸು," ಎಂದಳು.

"ಈ ಬಿಸಿಲಲ್ಲಿ ಉದ್ದ ತೋಳು ಯಾಕೆ? ಬೆಂದು ಹೋಗ್ತೀಯ."

"ಈಗ ಎಲ್ಲರೂ ಹಂಗೇ ಹಾಕೋದು."

ನಾನು ಗೊಣಗುತ್ತಲೇ ಹೊಲಿದುಕೊಟ್ಟೆ. ಮೈಗೆ ಅಂಟಿದಂತೆ ಕೂತಿತು, ನನ್ನ ಕೈಯ ಹೊಲಿಗೆ. ಅವಳಪ್ಪ ಹೋದ ಮೇಲೆ ಅವಳು ನನ್ನೆದುರು ಬಟ್ಟೆ ಬದಲಿಸುವುದನ್ನೂ, ನನ್ನ ಕೈಲಿ ಎಣ್ಣೆ ಹಚ್ಚಿಸಿಕೊಳ್ಳುವುದನ್ನೂ ಬಿಟ್ಟೇಬಿಟ್ಟಿದ್ದಳು. ಮನಸ್ಸಿನಲ್ಲಿ ಹುಡುಗನಿದ್ದಾನೆ, ನಾಚಿಕೆ ಬಂದಿದೆ ಎಂದುಕೊಂಡು ಒಬ್ಬಳೇ ನಕ್ಕೆ. ನೆನೆದರೆ ಈಗ ಮೈ ಉರಿಯುತ್ತದೆ.

ಕೊನೆಯ ಪಂದ್ಯ ಪುಟ್ಟಗೌರಿಯ ಮೇಲೆ. ಹೊನ್ನಿಯ ವಯಸ್ಸಿನವಳೇ, ಕಾಲು ಬಹಳ ಚುರುಕು. ಬೆಂಚಿನ ಮೇಲೆ ನನ್ನ ಪಕ್ಕ ಅವಳ ಅಜ್ಜಿ ತಿಮ್ಮಮ್ಮ ಕೂತಿದ್ದರು, ಎಪ್ಪತ್ತು ದಾಟಿದ ಮುದುಕಿ. ಹೊನ್ನಿಯ ಗುದ್ದುಗಳೆಲ್ಲ ಆ ಮುದುಕಿಗೆ ಬೀಳುತ್ತಿದ್ದವು. ಪ್ರತಿ ಏಟಿಗೂ, "ನಿನ್ ಮಗಳ ಕೈ ಮುರಿಯ, ಚೆನ್ನಾಗಿ ಹೊಡೀತಾಳೆ ಕಣೆ," ಎಂದು ಬೈಯುತ್ತಾ ಹೊಗಳುತ್ತಾ ಭುಜ ಉಜ್ಜಿಕೊಳ್ಳುತ್ತಿದ್ದರು. ಬಿಡುವಿನಲ್ಲಿ ಎಲೆ ಮಡಿಚಿ ನನ್ನ ಕಡೆ ಕೈ ಚಾಚಿದರು.

"ಒಂಚೂರು ಸುಣ್ಣ ಕೊಡು ತಾಯಮ್ಮ, ನಂದು ಮರ್ತು ಬಂದಿದೀನಿ."

ನನ್ನ ಕೈಯಲ್ಲಿದ್ದದ್ದು ಕೆಂಪು ಡಬ್ಬಿ. "ಮುಗಿದೋಗಿದೆ ಅಜ್ಜಿ," ಎಂದೆ.

"ಅದೇನು, ಡಬ್ಬೀನ ಅಷ್ಟು ಬಿಗಿಯಾಗಿ ಹಿಡ್ಕೊಂಡಿದ್ದೀಯ, ಚಿನ್ನ ಇದ್ಯೇನೋ ಅನ್ನೋ ಹಾಗೆ," ಎಂದು ಸುಣ್ಣವಿಲ್ಲದ ಎಲೆಯನ್ನೇ ಬಾಯಿಗೆ ಹಾಕಿಕೊಂಡರು.

ಹೊನ್ನಿ ಮೂರು ಅಂಕ ಮುಂದಿದ್ದಳು. ಇನ್ನೊಂದು ನಿಮಿಷ ಇರಬೇಕು. ಪುಟ್ಟಗೌರಿ ಒಂದು ಕಾಲ ಮೇಲೆ ಸುತ್ತಿ ಒದ್ದಳು. ಹೊನ್ನಿ ತಗ್ಗುವುದು ಅರೆಕ್ಷಣ ತಡವಾಯಿತು. ಒದೆ ಎಡಗಿವಿಯ ಮೇಲೆ, ಕೂದಲೊಳಗೆ ಬಿತ್ತು. ಸದ್ದು ಬೆಂಚಿನವರೆಗೂ ಕೇಳಿಸಿತು. ಜನರೆಲ್ಲರ ಮುಖವೂ ನನ್ನ ಕಡೆ ತಿರುಗಿತು.

ನಾನು ಎಡಗಿವಿ ಹಿಡಿದುಕೊಂಡು ಬಗ್ಗಿದೆ. ಬೆರಳು ಡಬ್ಬಿಯೊಳಗಿತ್ತು. ಆ ಒಂದು ಉಸಿರಿನ ಹೊತ್ತಿನಲ್ಲಿ ನಾನು ಯೋಚಿಸಿದ್ದೆಲ್ಲವೂ ನೆನಪಿದೆ. ಹಚ್ಚದೆ ಇದ್ದರೆ, ಇಂಥ ಒದೆಗೂ ಗುರುತಿಲ್ಲವೇ ಎಂದು ನನ್ನನ್ನು ಹಿಡಿಯುತ್ತಾರೆ. ಗೆಲ್ಲಲು ಒಂದು ನಿಮಿಷವಿರುವಾಗ ಹೊನ್ನಿ ಹೊರಗೆ. ಹಚ್ಚಿದರೆ ಒಂದು ಅಂಕ ಹೋಗುತ್ತದೆ, ಹೋಗಲಿ, ಇನ್ನೂ ಎರಡು ಮುಂದಿರುತ್ತಾಳೆ. ಆಮೇಲೆ ಆ ಕಾಣದ ಹುಡುಗನ ನೆನಪಾಯಿತು. ಅಯ್ಯೋ ಪಾಪ, ಎಲ್ಲಿ ಕೂತಿದ್ದನೋ, ತಲೆ ಸಿಡಿದು ಬಿದ್ದಿರುತ್ತಾನೆ ಎಂದುಕೊಂಡೆ. ನನ್ನ ಕರುಣೆಯನ್ನೆಲ್ಲ ಇಲ್ಲದವನೊಬ್ಬನಿಗೆ ಸುರಿದೆ. ಕಿವಿಯ ಮೇಲೆ ಬೆರಳು ಒತ್ತಿದೆ.

ತಲೆ ಎತ್ತಿದಾಗ ಹೊನ್ನಿ ನನ್ನನ್ನೇ ನೋಡುತ್ತಿದ್ದಳು. ಕಾಲು ಅಗಲಿಸಿ ನಿಂತಿದ್ದಳು, ಬಿರುಗಾಳಿಗೆ ನಿಂತವರ ಹಾಗೆ. ಜಯಶೀಲಮ್ಮ ಬಂದು, ನನ್ನ ಕೂದಲು ಸರಿಸಿ, ಕನ್ನಡಕ ಸರಿಮಾಡಿಕೊಂಡು ನೋಡಿದರು. ಎರಡು ಸಲ ನೋಡಿದರು.

"ಕೆಂಪು. ಹಗುರದ ಏಟು. ಆಟ ಮುಂದುವರಿಯಲಿ," ಎಂದು ಕೂಗಿದರು.

ಹೊನ್ನಿ ತಲೆಯಾಡಿಸಿ ಕೈ ಮೇಲೆತ್ತಿದಳು. ಉಳಿದ ಆ ಒಂದು ನಿಮಿಷವನ್ನೂ ಆಡಿದಳು, ಗೆದ್ದಳು.

ನಮ್ಮಲ್ಲಿ ಹಾರ ಹಾಕುವುದು ಗೆದ್ದವರಿಗಲ್ಲ, ಬೆಂಚಿನವರಿಗೆ. ಸುಗಂಧರಾಜದ ದಪ್ಪ ಹಾರವನ್ನು ನನ್ನ ಕೊರಳಿಗೆ ಹಾಕಿದರು. ಸಮಿತಿಯವರು ನೋವು ತಿಂದ ತಾಯಿ ಎಂದು ಭಾಷಣ ಮಾಡಿದರು. ತಿಮ್ಮಮ್ಮಜ್ಜಿ ನನ್ನ ಕೆನ್ನೆ ಸವರಿ, "ಗಟ್ಟಿ ಹೆಂಗಸು ಕಣೆ ನೀನು. ಆ ಒದೆ ನಂಗೆ ಬಿದ್ದಿದ್ರೆ ಹೋಗೇಬಿಡ್ತಿದ್ದೆ," ಎಂದರು. ಹೊನ್ನಿ ಪಕ್ಕದಲ್ಲಿ ನಿಂತು ನಗುತ್ತಿದ್ದಳು. ಅವಳ ಕೈ ನನ್ನ ಸೊಂಟದ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಿತ್ತು. ಖುಷಿಗೆ ಎಂದುಕೊಂಡೆ. ಬೀಳದೆ ಇರಲು ಹಿಡಿದಿದ್ದಳು.

ಮನೆ ತಲುಪುವಾಗ ಮಧ್ಯಾಹ್ನ ಎರಡಾಗಿತ್ತು. ಬಾಗಿಲ ಹತ್ತಿರವೇ ವಾಂತಿ ಮಾಡಿದಳು. "ಖಾಲಿ ಹೊಟ್ಟೇಲಿ ಆಡಿದ್ದಕ್ಕೆ," ಎಂದಳು. ಅನ್ನಕ್ಕಿಟ್ಟೆ. "ಸ್ವಲ್ಪ ಮಲಗ್ತೀನಮ್ಮ, ಬೆಳಕು ಚುಚ್ತಾ ಇದೆ, ಕಿಟಕಿ ಹಾಕು," ಎಂದಳು. ಕಿಟಕಿ ಹಾಕಿದೆ. "ಅವನನ್ನ ಯಾವಾಗ ಕರ್ಕೊಂಡು ಬರ್ತೀಯೇ? ಪಾಪ, ಅವನ ತಲೆ ಏನಾಗಿದೆಯೋ, ಹೋಗಿ ನೋಡಬೇಡ್ವಾ?" ಎಂದೆ.

ಕಣ್ಣು ಮುಚ್ಚಿಕೊಂಡೇ, "ಅವನಿಗೇನೂ ಆಗಿಲ್ಲಮ್ಮ," ಎಂದಳು. "ನಿನಗೆ ಕೆಲಸ ಇದ್ರೆ ನೋಡ್ಕೊ ಹೋಗು."

ಅನ್ನ ಬೆಂದ ಮೇಲೆ ಎಬ್ಬಿಸಲು ಹೋದೆ. ಏಳಲಿಲ್ಲ. ಮೈ ಇನ್ನೂ ಬೆಚ್ಚಗಿತ್ತು. ನಾನು ಕೂಗಿದ್ದಕ್ಕೆ ಬೀದಿಯೆಲ್ಲ ಬಂತು, ಡಾಕ್ಟರು ಬಂದರು, ಕಣ್ಣಿಗೆ ಟಾರ್ಚು ಹಾಕಿ ನೋಡಿ ಟಾರ್ಚನ್ನು ಜೇಬಿಗೆ ಹಾಕಿಕೊಂಡರು. ಬಿಸಿಲು, ಉಪವಾಸ, ಮೊದಲೇ ಹೃದಯದಲ್ಲಿ ಏನೋ ಇದ್ದಿರಬೇಕು ಎಂದು ಒಬ್ಬೊಬ್ಬರು ಒಂದೊಂದು ಹೇಳಿದರು. ಏಟಿನಿಂದ ಎಂದು ಒಬ್ಬರೂ ಹೇಳಲಿಲ್ಲ. ಕಣದ ಏಟು ಆಡಿದವರನ್ನು ಕೊಂದದ್ದನ್ನು ನಮ್ಮೂರಲ್ಲಿ ಯಾರು ಕಂಡಿದ್ದಾರೆ?

ನೀರೆರೆಯಲು ಹೆಂಗಸರು ಬಂದರು. ನಾನು ಎಲ್ಲರನ್ನೂ ಆಚೆಗೆ ಕಳಿಸಿ ಬಾಗಿಲು ಹಾಕಿಕೊಂಡೆ. ನಾನೇ ಹೊಲಿದ ಉದ್ದ ತೋಳನ್ನು ಕತ್ತರಿಯಲ್ಲಿ ಬಿಡಿಸಿದೆ. ಬಲತೋಳು, ಎಡಪಕ್ಕೆ, ಅದಕ್ಕಿಂತ ಎರಡು ಬೆರಳು ಕೆಳಗೆ, ಬೆನ್ನು, ಮೊಣಕಾಲಿನ ಒಳಗೆ. ಹಳೆಯವು ಹಳದಿಗೆ ತಿರುಗಿದ್ದವು, ಹೊಸವು ನೀಲಿ, ಕಿವಿಯ ಮೇಲಿನದು ಕಪ್ಪು. ಒಂದೊಂದನ್ನೂ ನಾನು ಗುರುತು ಹಿಡಿದೆ. ಯಾವ ಪಂದ್ಯದ್ದು, ಯಾರು ಹೊಡೆದದ್ದು, ಎಲ್ಲವೂ ಗೊತ್ತಿತ್ತು. ಅವೆಲ್ಲ ನಾನು ನನ್ನ ಮೈಮೇಲೆ ಕೆಂಪು ಹಚ್ಚಿಕೊಂಡ ಜಾಗಗಳು. ಸರಿಯಾಗಿಯೇ ನೋಡಿದ್ದೆ, ಒಂದೂ ತಪ್ಪಿರಲಿಲ್ಲ. ಯಾವ ಹುಡುಗನೂ ಇರಲಿಲ್ಲ. ಅವಳಪ್ಪನ ನಂತರ ಅವಳ ನೋವು ಹೊರುವವರು ಯಾರೂ ಇರಲಿಲ್ಲ, ಅವಳ ಏಟನ್ನು ಅವಳೇ ತಿಂದಿದ್ದಳು. ನಾನು ಆ ನೀಲಿಗಳ ಮೇಲೆ ಕೆನ್ನೆಯಿಟ್ಟು ಬೇಡಿಕೊಂಡೆ, ಈಗಲಾದರೂ ಬರಲಿ, ಒಂದಾದರೂ ನನಗೆ ಬರಲಿ ಎಂದು. ನನ್ನ ಹಾಳು ಮೈ ತಣ್ಣಗೆ, ಚೊಕ್ಕಟವಾಗಿ ಹಾಗೇ ಇತ್ತು.

ಹದಿಮೂರನೆಯ ದಿನ ಜಯಶೀಲಮ್ಮ ಪಂದ್ಯದ ಪುಸ್ತಕ ಹಿಡಿದು ಬಂದರು. ಎಡಗಿವಿಯ ಮೇಲೆ ಒದೆ, ಗುರುತು ಕೆಂಪು, ಹಗುರದ ಏಟು ಎಂದು ದುಂಡಗೆ ಬರೆದಿತ್ತು. "ಸಹಿ ಹಾಕಿಬಿಡು ತಾಯಮ್ಮ," ಎಂದರು. "ಪುಟ್ಟಗೌರಿ ಹದಿಮೂರು ದಿನದಿಂದ ಊಟ ಮಾಡ್ತಿಲ್ಲ. ನಿನ್ನಿಂದ ಆದದ್ದಲ್ಲ, ಗುರುತು ಬರೀ ಕೆಂಪಿತ್ತು ಅಂತ ಅವಳಿಗೆ ಇದನ್ನ ತೋರಿಸಿ ಸಮಾಧಾನ ಮಾಡ್ತೀನಿ."

ನನಗೆ ಇನ್ನು ಹೊತ್ತುಕೊಂಡಿರಲು ಆಗಲಿಲ್ಲ. ಒಳಗೆ ಹೋಗಿ ಕೆಂಪು ಡಬ್ಬಿ ತಂದು ಅವರ ಮುಂದೆ ಮುಚ್ಚಳ ತೆಗೆದೆ. ಅವರು ಡಬ್ಬಿ ನೋಡಿದರು, ನನ್ನನ್ನು ನೋಡಿದರು. ಗಣಿತದ ಮೇಷ್ಟರಮ್ಮ, ಬಿಡಿಸಿ ಹೇಳಬೇಕಾಗಲಿಲ್ಲ. ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. "ಇದನ್ನ ಯಾರಿಗೂ ಹೇಳ್ಬೇಡ," ಎಂದರು. "ಹೇಳಿದ್ರೆ ನಿನ್ನ ಮಗಳು ವಾಪಸ್ ಬರಲ್ಲ. ಆದರೆ ಆ ಇನ್ನೊಂದು ಹುಡುಗಿ ಕೊಂದವಳಾಗ್ತಾಳೆ. ಸಹಿ ಹಾಕು."

ಹಾಕಿದೆ. ಅವರು ಪುಸ್ತಕ ಎತ್ತಿಕೊಂಡು, ನನ್ನ ಮುಖ ನೋಡದೆ ಹೊರಟುಹೋದರು.

ಡಬ್ಬಿ ಮುಚ್ಚಲು ಎತ್ತಿಕೊಂಡಾಗ ಬೆರಳಿಗೆ ಒರಟಾಗಿ ತಗುಲಿತು. ಒಳಗಿನದೆಲ್ಲ ಒಣಗಿ, ಬಿರುಕುಬಿಟ್ಟು, ಕಲ್ಲಾಗಿತ್ತು. ಒಂದು ವರ್ಷದಲ್ಲಿ ಅದು ಒಣಗಿದ್ದು ಇದೇ ಮೊದಲ ಸಲ. ನಾನಂತೂ ಅದಕ್ಕೆ ಒಂದು ದಿನವೂ ನೀರು ಹಾಕಿದವಳಲ್ಲ. ಮನೆಯಲ್ಲಿದ್ದವರು ನಾವಿಬ್ಬರೇ.